ಬಸ್ಸು ಎಲ್ಲಿದೆ ಎಂದು ಹೇಳುವ ಖರ್ಚು ಯಾರದು?

ಸಂಜೆ ಶಾಲೆಯ ಕೊನೆಯ ಗಂಟೆ ಬಾರಿಸಿದಲ್ಲಿಗೆ ಗಡಿನಾಡಿನ ಅಧ್ಯಾಪಕರ ಕೆಲಸ ಮುಗಿಯುವುದಿಲ್ಲ. ಒಳನಾಡಿನ ಮಕ್ಕಳೆಲ್ಲ ಬಸ್ಸು ಹತ್ತುವವರೆಗೆ ನಮ್ಮ ಮನಸ್ಸು ರಸ್ತೆ ಬದಿಯ ತಂಗುದಾಣದಲ್ಲೇ ಇರುತ್ತದೆ. ಮಳೆಗಾಲದಲ್ಲಿ ಐದು ಗಂಟೆಗೇ ಕತ್ತಲು ಕವಿದಂತಾಗುತ್ತದೆ. ಆಗ ಕೊಡೆಯ ಕೆಳಗೆ ನಿಂತ ಮಕ್ಕಳು ನಮ್ಮನ್ನು ಕೇಳುವ ಪ್ರಶ್ನೆ ಒಂದೇ: "ಟೀಚರೇ, ಬಸ್ಸು ಹೋಯಿತಾ, ಬರ್ಲಿಕ್ಕುಂಟಾ?" ಇಷ್ಟು ವರ್ಷ ಪಾಠ ಹೇಳಿದ ನಮ್ಮಲ್ಲಿ ಈ ಪ್ರಶ್ನೆಗೆ ಉತ್ತರವಿಲ್ಲ.

ಉತ್ತರ ಸಾಧ್ಯವಿದೆ ಎಂಬುದು ಇಂದು ಎಲ್ಲರಿಗೂ ಗೊತ್ತು. ಮಂಗಳೂರಿಗೋ ಬೆಂಗಳೂರಿಗೋ ಹೋಗಿಬಂದ ಹೆತ್ತವರು ಶಾಲೆಯ ರಕ್ಷಕ-ಶಿಕ್ಷಕ ಸಭೆಯಲ್ಲಿ ಎದ್ದು ನಿಂತು, ಅಲ್ಲಿ ಬಸ್ಸು ಎಲ್ಲಿದೆ ಎಂಬುದು ಫೋನಿನಲ್ಲೇ ಕಾಣಿಸುತ್ತದೆ, ಇಲ್ಲಿ ಯಾಕಿಲ್ಲ ಎಂದು ಕೇಳುತ್ತಾರೆ. ಈ ಬೇಡಿಕೆ ನ್ಯಾಯವಾದುದು. ನಿಜ ಹೇಳಬೇಕೆಂದರೆ ನಗರಕ್ಕಿಂತ ಇಲ್ಲಿಯೇ ಇದು ಹೆಚ್ಚು ನ್ಯಾಯವಾದುದು. ಐದು ನಿಮಿಷಕ್ಕೊಂದು ಬಸ್ಸು ಬರುವ ಬೀದಿಯಲ್ಲಿ ಒಂದು ತಪ್ಪಿದರೆ ಇನ್ನೊಂದಿದೆ. ಪೈವಳಿಕೆಯ ಕಡೆಗೋ ಆದೂರಿನ ಕಡೆಗೋ ಹೋಗುವ ಸಂಜೆಯ ಬಸ್ಸು ತಪ್ಪಿದರೆ ಮಗುವಿನ ಮುಂದಿರುವ ದಾರಿ ಎರಡೇ: ಆಟೋ ರಿಕ್ಷಾಕ್ಕೆ ಹಣ ಕೊಡುವುದು, ಇಲ್ಲವೇ ಗುಡ್ಡ ಹತ್ತಿ ನಡೆಯುವುದು. ಬಸ್ಸುಗಳು ಎಷ್ಟು ವಿರಳವೋ ಅವುಗಳ ಬಗೆಗಿನ ಮಾಹಿತಿಗೆ ಅಷ್ಟೇ ಬೆಲೆ. ಆದರೆ ಬಸ್ಸುಗಳು ವಿರಳವಾದಲ್ಲಿಯೇ ಆ ಮಾಹಿತಿಯನ್ನು ಒದಗಿಸುವ ಖರ್ಚೂ ಬಸ್ಸೊಂದಕ್ಕೆ ಅತಿ ಹೆಚ್ಚು. ಈ ವಿರೋಧಾಭಾಸವನ್ನು ಅರ್ಥ ಮಾಡಿಕೊಳ್ಳದೆ ಜಿಪಿಎಸ್ ಬೇಕು ಎಂದು ಮನವಿ ಬರೆಯುವುದರಿಂದ ಪ್ರಯೋಜನವಿಲ್ಲ ಎಂಬುದು ನಮ್ಮ ಅಭಿಪ್ರಾಯ.

ಪೆಟ್ಟಿಗೆಯ ಆಚೆಗಿನ ಬೆಲೆ

ಬಸ್ಸಿನಲ್ಲಿ ಒಂದು ಪುಟ್ಟ ಪೆಟ್ಟಿಗೆ ಅಳವಡಿಸಿದರೆ ಕೆಲಸ ಮುಗಿಯಿತು ಎಂಬ ಭಾವನೆ ಸಾಮಾನ್ಯವಾಗಿದೆ. ಪೆಟ್ಟಿಗೆಯು ಈ ವ್ಯವಸ್ಥೆಯ ಮೊದಲ ಕೊಂಡಿ ಮಾತ್ರ. ಉಪಗ್ರಹಗಳು ಕಳುಹಿಸುವ ಸಂಕೇತ ಉಚಿತ. ಅದನ್ನು ಗ್ರಹಿಸಿ ತಾನು ಎಲ್ಲಿದ್ದೇನೆಂದು ಪೆಟ್ಟಿಗೆ ಲೆಕ್ಕ ಹಾಕುತ್ತದೆ. ಆ ಲೆಕ್ಕವನ್ನು ಹೊರಗೆ ಕಳುಹಿಸಲು ಮೊಬೈಲ್ ಸಿಮ್ ಬೇಕು, ಸಿಮ್‌ಗೆ ಶುಲ್ಕವಿದೆ. ಹತ್ತು ಸೆಕೆಂಡಿಗೊಮ್ಮೆ ಸ್ಥಾನ ತಿಳಿಸುವ ಬಸ್ಸು ದಿನಕ್ಕೆ 14 ಗಂಟೆ ಓಡಿದರೆ 5,040 ಸಂದೇಶಗಳು ಹೊರಡುತ್ತವೆ. ಅವುಗಳನ್ನು ಸ್ವೀಕರಿಸಲು ಸರ್ವರ್ ಬೇಕು. ಬಂದ ಸ್ಥಾನವನ್ನು ವೇಳಾಪಟ್ಟಿಯೊಡನೆ ಹೋಲಿಸಿ, ಈ ಬಸ್ಸು ಇಂತಹ ನಿಲ್ದಾಣಕ್ಕೆ ಇಷ್ಟು ನಿಮಿಷದಲ್ಲಿ ಬರುತ್ತದೆ ಎಂದು ಊಹಿಸುವ ತಂತ್ರಾಂಶ ಬೇಕು. ಇಷ್ಟೆಲ್ಲ ಇದ್ದರೂ ಸಾಲದು. ಬಸ್ಸು ಕೆಟ್ಟು ಬದಲಿ ಬಸ್ಸು ಹೊರಟ ದಿನ, ರಸ್ತೆ ಕೆಲಸದಿಂದ ದಾರಿ ಬದಲಾದ ದಿನ, ಜಾತ್ರೆಗೋ ಹರತಾಳಕ್ಕೋ ಟ್ರಿಪ್ ರದ್ದಾದ ದಿನ ಆ ಬದಲಾವಣೆಯನ್ನು ವ್ಯವಸ್ಥೆಗೆ ತಿಳಿಸುವ ಒಬ್ಬ ಮನುಷ್ಯ ಬೇಕು.

ಸಣ್ಣ ಸಂಸ್ಥೆಗಳ ಬೆನ್ನು ಮುರಿಯುವುದು ಈ ಕೊನೆಯ ಖರ್ಚು. ಒಂದು ಸರಳ ಲೆಕ್ಕ ಮಾಡೋಣ. ವೇಳಾಪಟ್ಟಿಯನ್ನು ದಿನವೂ ತಿದ್ದಿ, ಕೆಟ್ಟ ಸಾಧನಗಳ ಮೇಲೆ ಕಣ್ಣಿಡುವ ಒಬ್ಬ ನೌಕರನಿಗೆ ತಿಂಗಳಿಗೆ 20,000 ರೂಪಾಯಿ ಸಂಬಳವೆಂದು ಇಟ್ಟುಕೊಳ್ಳಿ. ಸಾವಿರ ಬಸ್ಸುಗಳ ಸಂಸ್ಥೆಗೆ ಇದು ಬಸ್ಸೊಂದಕ್ಕೆ 20 ರೂಪಾಯಿ. ಹತ್ತು ಬಸ್ಸುಗಳ ಸಂಸ್ಥೆಗೆ ಬಸ್ಸೊಂದಕ್ಕೆ 2,000 ರೂಪಾಯಿ. ಕೆಲಸ ಒಂದೇ, ಮನುಷ್ಯ ಒಬ್ಬನೇ, ಹೊರೆ ಮಾತ್ರ ನೂರು ಪಟ್ಟು.

ಈ 2,000 ರೂಪಾಯಿಯನ್ನು ಟಿಕೆಟಿನ ಲೆಕ್ಕದಲ್ಲಿ ನೋಡೋಣ. ಕೇರಳದಲ್ಲಿ 2022ರ ಮೇ 1ರಿಂದ ಬಸ್ಸಿನ ಕನಿಷ್ಠ ದರ 8 ರೂಪಾಯಿಯಿಂದ 10 ರೂಪಾಯಿಗೆ ಏರಿತು. ವಿದ್ಯಾರ್ಥಿಗಳ ಕನಿಷ್ಠ ದರ 1 ರೂಪಾಯಿ ಹಾಗೆಯೇ ಉಳಿಯಿತು. ಅಂದರೆ ತಿಂಗಳ 2,000 ರೂಪಾಯಿ ಎಂದರೆ ಹಿರಿಯರ 200 ಕನಿಷ್ಠ ಟಿಕೆಟುಗಳು, ಅಥವಾ ಮಕ್ಕಳ 2,000 ಟಿಕೆಟುಗಳು. ತಿಂಗಳಲ್ಲಿ 25 ದಿನ ಶಾಲೆಯಿದ್ದರೆ ದಿನಕ್ಕೆ 80 ಮಕ್ಕಳು ಕೊಟ್ಟ ಹಣವೆಲ್ಲ ಬಸ್ಸು ಎಲ್ಲಿದೆ ಎಂದು ಹೇಳುವುದಕ್ಕೇ ಹೋಗುತ್ತದೆ. ಡೀಸೆಲಿಗೆ ಒಂದು ರೂಪಾಯಿಯೂ ಉಳಿಯುವುದಿಲ್ಲ. ಒಂದೋ ಎರಡೋ ಬಸ್ಸುಗಳನ್ನು ಇಟ್ಟುಕೊಂಡು ವಿಮೆ, ತೆರಿಗೆ, ಟಯರು, ಸಾಲದ ಕಂತುಗಳ ನಡುವೆ ಏಗುತ್ತಿರುವ ಮಾಲಿಕನಿಗೆ ಈ ಹೊರೆಯನ್ನು ಹೊರಿಸಿದರೆ ಆತ ಮೊದಲು ಕೈಬಿಡುವುದು ಯಾವುದನ್ನು? ನಷ್ಟದಲ್ಲಿ ಓಡುವ ಕೊನೆಯ ಟ್ರಿಪ್ಪನ್ನು. ಬಸ್ಸನ್ನು ತೋರಿಸುವ ಖರ್ಚಿಗಾಗಿ ಬಸ್ಸೇ ನಿಂತುಹೋದರೆ ಆ ತಂತ್ರಜ್ಞಾನದಿಂದ ನಮಗಾಗುವ ಲಾಭವೇನು?

ಕಾಲದ ಪ್ರಶ್ನೆಯೂ ಇದೆ. ಸಿಮ್‌ನ ಅವಧಿ ಮುಗಿಯುತ್ತದೆ, ಸಾಧನದೊಳಗಿನ ಬ್ಯಾಟರಿ ಸೊರಗುತ್ತದೆ, ಮೊಬೈಲ್ ಜಾಲ ಒಂದು ತಲೆಮಾರಿನಿಂದ ಇನ್ನೊಂದಕ್ಕೆ ಬದಲಾದಾಗ ಹಳೆಯ ಸಾಧನ ಮೂಕವಾಗುತ್ತದೆ. ಉದ್ಘಾಟನೆಯ ದಿನ ಭಾಷಣದಲ್ಲಿ ಕೇಳಿಬರುವುದು ಮೊದಲ ವರ್ಷದ ಖರ್ಚು. ಐದನೆಯ ವರ್ಷದ ಖರ್ಚನ್ನು ಯಾರೂ ಹೇಳುವುದಿಲ್ಲ.

ಎಲ್ಲಕ್ಕಿಂತ ದೊಡ್ಡ ನಷ್ಟವೆಂದರೆ ನಂಬಿಕೆಯ ನಷ್ಟ. ಬರುತ್ತಿದೆ ಎಂದು ಫೋನು ತೋರಿಸಿದ ಬಸ್ಸು ಬಾರದೆ ಹೋದರೆ, ಏನೂ ತೋರಿಸದಿದ್ದುದಕ್ಕಿಂತ ಅದು ಕೆಟ್ಟದು. ಮಾಹಿತಿ ಇಲ್ಲದವರು ಬದಲಿ ದಾರಿ ಹುಡುಕುತ್ತಾರೆ. ತಪ್ಪು ಮಾಹಿತಿ ಇರುವವರು ನಿಂತಲ್ಲೇ ಕತ್ತಲಾಗುವವರೆಗೆ ಕಾಯುತ್ತಾರೆ. ಹೆಣ್ಣುಮಕ್ಕಳ ಸುರಕ್ಷತೆಯ ಹೆಸರಿನಲ್ಲಿ ಬಂದ ವ್ಯವಸ್ಥೆ ಅವರನ್ನೇ ನಿರ್ಜನ ತಂಗುದಾಣದಲ್ಲಿ ನಿಲ್ಲಿಸುವಂತಾಗಬಾರದು.

ದೊಡ್ಡವರ ಅನುಭವ

ಈ ಹಾದಿಯಲ್ಲಿ ಮೊದಲು ನಡೆದವರಿಂದ ಕಲಿಯಬೇಕಾದದ್ದು ಬಹಳಷ್ಟಿದೆ. 2012ರಲ್ಲಿ ಮೈಸೂರಿನ ನಗರ ಬಸ್ಸುಗಳಿಗೆ ಇಂತಹ ವ್ಯವಸ್ಥೆ ಬಂದಾಗ ಅದು ದೇಶದಲ್ಲೇ ಮೊದಲ ಪ್ರಯತ್ನಗಳಲ್ಲೊಂದಾಗಿತ್ತು. ಅದರ ಹಿಂದೆ ವಿಶ್ವಬ್ಯಾಂಕ್ ಮತ್ತು ಜಾಗತಿಕ ಪರಿಸರ ನಿಧಿಯ ನೆರವಿತ್ತು. ಬೆಂಗಳೂರಿನಲ್ಲಿ ಬಿಎಂಟಿಸಿ 2016ರಲ್ಲಿ ತನ್ನ ಬಸ್ಸುಗಳಿಗೆ ಈ ವ್ಯವಸ್ಥೆಯನ್ನು ಅಳವಡಿಸಿ ಆ್ಯಪ್ ಒಂದನ್ನು ಜನರ ಕೈಗಿತ್ತಿತು. ಅದು ನೆಲೆ ನಿಲ್ಲಲಿಲ್ಲ. ಮತ್ತೆ ಹೊಸದಾಗಿ ಕಟ್ಟಿದ 'ನಮ್ಮ ಬಿಎಂಟಿಸಿ' ಆ್ಯಪ್ ಬಿಡುಗಡೆಯಾದದ್ದು 2023ರಲ್ಲಿ, ಏಳು ವರ್ಷಗಳ ಬಳಿಕ. ಆರು ಸಾವಿರಕ್ಕೂ ಹೆಚ್ಚು ಬಸ್ಸುಗಳು, ತಾಂತ್ರಿಕ ಸಿಬ್ಬಂದಿ, ಸರಕಾರದ ಆಸರೆ ಎಲ್ಲ ಇರುವ ಸಂಸ್ಥೆಗೇ ಎರಡು ಬಾರಿ ಕಟ್ಟಬೇಕಾಯಿತು ಎಂದರೆ ಎರಡು ಬಸ್ಸುಗಳ ಮಾಲಿಕನಿಂದ ನಾವು ಏನನ್ನು ನಿರೀಕ್ಷಿಸುತ್ತಿದ್ದೇವೆ?

ಇನ್ನೊಂದು ಉದಾಹರಣೆ ನಮಗೆ ಹತ್ತಿರದ್ದು. ಮಂಗಳೂರಿನ ನಗರ ಸಾರಿಗೆಯೂ ಬಹುಮಟ್ಟಿಗೆ ಸಣ್ಣ ಸಣ್ಣ ಖಾಸಗಿ ಮಾಲಿಕರದ್ದೇ. ಅಲ್ಲಿ ಬಸ್ಸು ಮಾಲಿಕರ ಸಂಘವು ಚಲೋ ಎಂಬ ಕಂಪನಿಯೊಡನೆ ಒಪ್ಪಂದ ಮಾಡಿಕೊಂಡು ಬಸ್ಸುಗಳ ಚಲನೆಯನ್ನು ಫೋನಿನಲ್ಲಿ ತೋರಿಸುವ, ಕಾರ್ಡಿನ ಮೂಲಕ ಟಿಕೆಟು ಪಡೆಯುವ ಸೌಲಭ್ಯವನ್ನು ತಂದಿತು. ಒಬ್ಬೊಬ್ಬ ಮಾಲಿಕನಿಂದ ಆಗದ್ದು ಒಟ್ಟಾದಾಗ ಆಯಿತು. ಸ್ಥಿರ ಖರ್ಚು ನೂರಾರು ಬಸ್ಸುಗಳಿಗೆ ಹಂಚಿಹೋದಾಗ ನಾವು ಮೇಲೆ ಮಾಡಿದ ಲೆಕ್ಕವೇ ತಲೆಕೆಳಗಾಗುತ್ತದೆ. ಆದರೆ ಇದಕ್ಕೂ ಬೆಲೆ ಇದೆ. ಮಾಹಿತಿ ಕಂಪನಿಯ ಕೈಯಲ್ಲಿರುತ್ತದೆ. ಟಿಕೆಟು ಹೆಚ್ಚು ಮಾರಾಟವಾಗುವ ಮಾರ್ಗದಲ್ಲಿ ಅದಕ್ಕೆ ಆಸಕ್ತಿ, ದಿನಕ್ಕೆ ನಾಲ್ಕು ಟ್ರಿಪ್ಪಿನ ಗುಡ್ಡದ ಮಾರ್ಗದಲ್ಲಿ ಆಸಕ್ತಿ ಇರಬೇಕೆಂದು ನಿರೀಕ್ಷಿಸುವಂತಿಲ್ಲ. ನಾಳೆ ಒಪ್ಪಂದ ಮುರಿದರೆ ಮಾರ್ಗ, ನಿಲ್ದಾಣ, ವೇಳೆಗಳ ಪಟ್ಟಿ ಯಾರದು ಎಂಬುದು ಮೊದಲೇ ಬರೆದಿರಬೇಕು.

ನಮ್ಮ ರಸ್ತೆಗಳ ಸ್ಥಿತಿ

ಈಗ ಕಾಸರಗೋಡಿಗೆ ಬರೋಣ. ಇಲ್ಲಿಂದ ಮಂಗಳೂರಿಗೆ ಸುಮಾರು 50 ಕಿಲೋಮೀಟರ್. ತಲಪಾಡಿ ದಾಟಿ ಹೋಗುವ ಈ ಹೆದ್ದಾರಿಯಲ್ಲಿ ಎರಡು ರಾಜ್ಯಗಳ ನಿಗಮಗಳ ಬಸ್ಸುಗಳು ಓಡುತ್ತವೆ. ಎರಡರ ಮೈಮೇಲೂ ಕೆಎಸ್‌ಆರ್‌ಟಿಸಿ ಎಂಬ ಒಂದೇ ಹೆಸರು. ಆ ಹೆಸರಿಗಾಗಿ ಎರಡೂ ನಿಗಮಗಳು ವರ್ಷಗಳ ಕಾಲ ಕಾನೂನು ಹೋರಾಟ ನಡೆಸಿದುದನ್ನು ಓದುಗರು ಬಲ್ಲರು. ಕುಂಬಳೆಯಲ್ಲಿ ನಿಂತ ಪ್ರಯಾಣಿಕನಿಗೆ ಯಾವ ರಾಜ್ಯದ ಬಸ್ಸು ಎಂಬುದು ಮುಖ್ಯವಲ್ಲ, ಮುಂದಿನ ಬಸ್ಸು ಯಾವಾಗ ಎಂಬುದಷ್ಟೇ ಮುಖ್ಯ. ಎರಡು ನಿಗಮಗಳು ಎರಡು ಬೇರೆ ವ್ಯವಸ್ಥೆಗಳನ್ನು ಕಟ್ಟಿಕೊಂಡು ಒಂದರ ಮಾಹಿತಿ ಇನ್ನೊಂದಕ್ಕೆ ಸಿಗದೆ ಹೋದರೆ ಆತನಿಗೆ ಕಾಣುವುದು ಅರ್ಧ ಸತ್ಯ.

ಹೆದ್ದಾರಿ ಬಿಟ್ಟು ಒಳಗೆ ಹೋದರೆ ಬದಿಯಡ್ಕ, ಪೆರ್ಲ, ಮುಳ್ಳೇರಿಯ, ಬಾಯಾರು ಕಡೆಯ ಜನರಿಗೆ ಖಾಸಗಿ ಬಸ್ಸುಗಳೇ ಆಧಾರ. ಇಲ್ಲಿ ಹೊಸದಾಗಿ ಪೆಟ್ಟಿಗೆ ಕೊಳ್ಳುವ ಪ್ರಶ್ನೆ ಎಷ್ಟರ ಮಟ್ಟಿಗೆ ಇದೆ ಎಂಬುದನ್ನು ಮೊದಲು ನೋಡಬೇಕು. ದೆಹಲಿಯಲ್ಲಿ 2012ರ ಡಿಸೆಂಬರಿನಲ್ಲಿ ಬಸ್ಸೊಂದರಲ್ಲಿ ನಡೆದ ಘೋರ ಕೃತ್ಯದ ಬಳಿಕ ಮಹಿಳೆಯರ ಸುರಕ್ಷತೆಗಾಗಿ ಕೈಗೊಂಡ ಕ್ರಮಗಳ ಮುಂದುವರಿಕೆಯಾಗಿ ಕೇಂದ್ರ ಸರಕಾರವು ಮೋಟಾರು ವಾಹನ ನಿಯಮಗಳಿಗೆ 2016ರಲ್ಲಿ ತಿದ್ದುಪಡಿ ತಂದಿತು. ಸಾರ್ವಜನಿಕ ಸೇವೆಯ ವಾಹನಗಳಲ್ಲಿ ಸ್ಥಾನ ತಿಳಿಸುವ ಸಾಧನ ಮತ್ತು ತುರ್ತು ಗುಂಡಿ ಇರಬೇಕೆಂಬುದು ಆ ನಿಯಮ. 2019ರ ಜನವರಿ 1ರಿಂದ ಹೊಸದಾಗಿ ನೋಂದಣಿಯಾಗುವ ಬಸ್ಸುಗಳಿಗೆ ಇದು ಅನ್ವಯವಾಯಿತು. ಸಾಧನ ಹೇಗಿರಬೇಕು ಎಂಬುದನ್ನು ಎಐಎಸ್ 140 ಎಂಬ ಮಾನದಂಡ ಹೇಳುತ್ತದೆ. ಕೇರಳದಲ್ಲಿ ಮೋಟಾರು ವಾಹನ ಇಲಾಖೆಯು 'ಸುರಕ್ಷಾಮಿತ್ರ' ಎಂಬ ಯೋಜನೆಯಡಿ ಇಂತಹ ಸಾಧನಗಳಿಂದ ಬರುವ ಮಾಹಿತಿಯನ್ನು ಗಮನಿಸುತ್ತದೆ.

ಎಂದರೆ ಹಲವು ಬಸ್ಸುಗಳಲ್ಲಿ ಪೆಟ್ಟಿಗೆ ಈಗಾಗಲೇ ಕುಳಿತಿದೆ, ಅದಕ್ಕೆ ಮಾಲಿಕ ಹಣ ಕೊಟ್ಟಾಗಿದೆ. ಅದರಿಂದ ಮಾಹಿತಿ ಹೊರಟು ಸರಕಾರದ ಬಳಿಗೆ ಹೋಗುತ್ತದೆ. ಆದರೆ ಆ ವ್ಯವಸ್ಥೆಯ ಉದ್ದೇಶ ಸುರಕ್ಷತೆ ಮತ್ತು ನಿಗಾ. ತಂಗುದಾಣದಲ್ಲಿ ಕಾಯುವವರಿಗೆ ಸಮಯ ತಿಳಿಸುವುದು ಅದರ ಕೆಲಸವಾಗಿರಲಿಲ್ಲ. ಇನ್ನೊಂದು ತೊಡಕೂ ಇದೆ. ಮೊಬೈಲ್ ಸಂಕೇತ ಸಿಗದಲ್ಲಿ ಈ ಸಾಧನವು ಸಾವಿರಾರು ಸ್ಥಾನಗಳನ್ನು ತನ್ನ ಸ್ಮರಣೆಯಲ್ಲಿ ಉಳಿಸಿಕೊಂಡು, ಸಂಕೇತ ಸಿಕ್ಕಾಗ ಕಳುಹಿಸುತ್ತದೆ. ಅಪಘಾತದ ತನಿಖೆಗೆ ಇದು ಸಾಕು. ಕಾಯುತ್ತಿರುವ ಮಗುವಿಗೆ ಬಸ್ಸು ಹೋದ ಮೇಲೆ ಬಂದ ಮಾಹಿತಿಯಿಂದ ಉಪಯೋಗವಿಲ್ಲ. ನಮ್ಮ ಗುಡ್ಡಗಳ ತಿರುವುಗಳಲ್ಲಿ, ಗಡಿಯಾಚೆಯ ಗೋಪುರದ ಸಂಕೇತಕ್ಕೂ ಈಚೆಯದ್ದಕ್ಕೂ ನಡುವೆ ಫೋನು ತಡಕಾಡುವ ಊರುಗಳಲ್ಲಿ ಈ ತೊಡಕು ಕಾಗದದ ಮೇಲಿನದ್ದಲ್ಲ.

ಊರ ಹೆಸರು ಯಾವ ಲಿಪಿಯಲ್ಲಿ?

ಭಾಷಾ ಅಲ್ಪಸಂಖ್ಯಾತರಾದ ನಮಗೆ ಇಲ್ಲೊಂದು ವಿಶೇಷ ಕಾಳಜಿ ಇದೆ. 1956ರ ನವೆಂಬರ್ 1ರಂದು ಕಾಸರಗೋಡು ಕೇರಳಕ್ಕೆ ಸೇರಿದ ಮೇಲೆ ಬಸ್ಸಿನ ಹಣೆಯ ಫಲಕದಲ್ಲಿ ಕನ್ನಡ ಇರಬೇಕೆಂದು ನಮ್ಮ ಹಿರಿಯರು ಎಷ್ಟು ಮನವಿ ಬರೆದರು ಎಂಬುದಕ್ಕೆ ಲೆಕ್ಕವಿಲ್ಲ. 2021ರಲ್ಲಿ ಕನ್ನಡದ ಊರ ಹೆಸರುಗಳು ಬದಲಾಗುತ್ತಿವೆ ಎಂಬ ಆತಂಕ ಎದ್ದು, ಕರ್ನಾಟಕದ ಮುಖ್ಯಮಂತ್ರಿ ಕೇರಳದ ಮುಖ್ಯಮಂತ್ರಿಗೆ ಪತ್ರ ಬರೆಯುವವರೆಗೆ ಹೋಯಿತು. ಅಂತಹ ನಿರ್ಧಾರವೇನೂ ಇಲ್ಲವೆಂದು ಕೇರಳ ಹೇಳಿತು. ಆದರೆ ಹೆಸರು ಬದಲಾಗಲು ಸರಕಾರಿ ಆದೇಶವೇ ಬೇಕೆಂದೇನಿಲ್ಲ. ಎಲ್ಲೋ ಕುಳಿತ ಒಬ್ಬ ಗುತ್ತಿಗೆ ನೌಕರ ನಿಲ್ದಾಣಗಳ ಪಟ್ಟಿಯನ್ನು ಗಣಕಕ್ಕೆ ಏರಿಸುವಾಗ ತನಗೆ ಕೇಳಿಸಿದಂತೆ ಬರೆದರೆ ಸಾಕು. ಫೋನು ಅದನ್ನೇ ತೋರಿಸುತ್ತದೆ, ಬಸ್ಸಿನ ಧ್ವನಿ ಅದನ್ನೇ ನುಡಿಯುತ್ತದೆ, ಮಕ್ಕಳು ಅದನ್ನೇ ಕಲಿಯುತ್ತಾರೆ.

ಕನ್ನಡ ಸೇರಿಸಲು ಹೆಚ್ಚು ಖರ್ಚಾಗುತ್ತದೆ ಎಂಬ ಮಾತು ಬಂದರೆ ಅದನ್ನು ನಾವು ಒಪ್ಪಬೇಕಿಲ್ಲ. ಅಮೆರಿಕದ ಪೋರ್ಟ್‌ಲೆಂಡ್ ನಗರದ ಸಾರಿಗೆ ಸಂಸ್ಥೆ ಮತ್ತು ಗೂಗಲ್ 2005ರಲ್ಲಿ ಸೇರಿ ರೂಪಿಸಿದ ಜಿಟಿಎಫ್‌ಎಸ್ ಎಂಬ ಮಾದರಿಯಲ್ಲಿ ಇಂದು ಜಗತ್ತಿನ ನಾನಾ ಸಂಸ್ಥೆಗಳು ತಮ್ಮ ವೇಳಾಪಟ್ಟಿಯನ್ನು ಪ್ರಕಟಿಸುತ್ತವೆ. ಕೊಚ್ಚಿಯ ಮೆಟ್ರೋ ಕೂಡ 2018ರಲ್ಲಿ ತನ್ನ ಮಾಹಿತಿಯನ್ನು ಹೀಗೆ ಮುಕ್ತವಾಗಿ ಕೊಟ್ಟಿತು. ಆ ಮಾದರಿಯು ಸರಳ ಪಠ್ಯದ ಕೆಲವು ಕೋಷ್ಟಕಗಳ ಕಟ್ಟು, ಅಷ್ಟೇ. ಒಂದೇ ನಿಲ್ದಾಣದ ಹೆಸರನ್ನು ಹಲವು ಭಾಷೆಗಳಲ್ಲಿ ಬರೆಯಲು ಅದರಲ್ಲಿ ಪ್ರತ್ಯೇಕ ಕೋಷ್ಟಕವೇ ಇದೆ. ಒಮ್ಮೆ ತುಂಬಿದರೆ ಮುಗಿಯಿತು. ಆ ಕೋಷ್ಟಕವನ್ನು ತುಂಬಲು ಗಡಿನಾಡಿನ ಅಧ್ಯಾಪಕರು ಒಂದು ಬೇಸಗೆ ರಜೆಯನ್ನು ಕೊಡಲು ಸಿದ್ಧರಿದ್ದೇವೆ. ಕೇರಳದ 1969ರ ಅಧಿಕೃತ ಭಾಷಾ ಕಾಯಿದೆಯು ಇಲ್ಲಿನ ಕನ್ನಡಿಗರಿಗೆ ಸರಕಾರದೊಡನೆ ಕನ್ನಡದಲ್ಲೇ ವ್ಯವಹರಿಸುವ ಅವಕಾಶ ಕೊಟ್ಟಿದೆ. ಪತ್ರಕ್ಕೆ ಸಲ್ಲುವ ಭಾಷೆ ಬಸ್ಸಿನ ವೇಳೆಗೂ ಸಲ್ಲಬೇಕು.

ಏನನ್ನು ಕೇಳಬೇಕು?

ಹಾಗಾದರೆ ನಮ್ಮ ಮನವಿ ಹೇಗಿರಬೇಕು? ಮೊದಲನೆಯದಾಗಿ, ಮೊದಲು ವೇಳಾಪಟ್ಟಿ, ಬಳಿಕ ಜಿಪಿಎಸ್. ಪರವಾನಿಗೆ ಪಡೆದ ಪ್ರತಿ ಬಸ್ಸಿನ ವೇಳೆಯನ್ನು ನಿಗದಿಪಡಿಸುವುದು ಪ್ರಾದೇಶಿಕ ಸಾರಿಗೆ ಪ್ರಾಧಿಕಾರ. ಆ ವೇಳಾಪಟ್ಟಿಯನ್ನು ಬಸ್ಸಿನಲ್ಲಿಯೂ ನಿಲ್ದಾಣಗಳಲ್ಲಿಯೂ ಪ್ರದರ್ಶಿಸಬೇಕೆಂದು ಷರತ್ತು ಹಾಕುವ ಅಧಿಕಾರವನ್ನು 1988ರ ಮೋಟಾರು ವಾಹನ ಕಾಯಿದೆ ಅದಕ್ಕೆ ನೀಡಿದೆ. ಕಡತದಲ್ಲಿರುವ ಈ ಪಟ್ಟಿಯನ್ನು ಎರಡು ಭಾಷೆಗಳಲ್ಲಿ ಮುಕ್ತವಾಗಿ ಪ್ರಕಟಿಸಲು ಉಪಗ್ರಹ ಬೇಕಿಲ್ಲ. ವೇಳೆ ಬರೆದ ಒಂದು ತಗಡಿನ ಫಲಕ ತಂಗುದಾಣದಲ್ಲಿದ್ದರೆ ಫೋನಿಲ್ಲದ ಅಜ್ಜಿಗೂ ಶಾಲೆಗೆ ಫೋನು ತರುವಂತಿಲ್ಲದ ಮಗುವಿಗೂ ಅದು ಕಾಣುತ್ತದೆ.

ಎರಡನೆಯದಾಗಿ, ಒಂದು ಬಸ್ಸಿಗೆ ಒಂದೇ ಪೆಟ್ಟಿಗೆ. ಸುರಕ್ಷತೆಗಾಗಿ ಈಗಾಗಲೇ ಹೊರಡುತ್ತಿರುವ ಸ್ಥಾನದ ಮಾಹಿತಿಯನ್ನು ಚಾಲಕ-ನಿರ್ವಾಹಕರ ಹೆಸರುಗಳಿಲ್ಲದೆ, ಮಾರ್ಗ ಮತ್ತು ವೇಳೆಯೊಡನೆ ಜೋಡಿಸಿ ಸಾರ್ವಜನಿಕರಿಗೆ ಒದಗಿಸಲಿ. ಅದೇ ಕೆಲಸಕ್ಕೆ ಮಾಲಿಕನಿಂದ ಎರಡನೆಯ ಸಾಧನ ಕೊಳ್ಳಿಸುವುದು ಅನ್ಯಾಯ.

ಮೂರನೆಯದಾಗಿ, ನಿರ್ವಹಣೆಯ ಮನುಷ್ಯನ ಸಂಬಳ ಸಾರ್ವಜನಿಕ ಹಣದಿಂದ ಬರಲಿ. ತಂಗುದಾಣ ಕಟ್ಟಲು ಶಾಸಕರ ನಿಧಿ ಸಿಗುತ್ತದೆ, ಅದರ ಮೇಲೆ ಹೆಸರೂ ಕೆತ್ತಲ್ಪಡುತ್ತದೆ. ಆ ತಂಗುದಾಣದಲ್ಲಿ ಯಾವ ಬಸ್ಸು ನಿಲ್ಲುತ್ತದೆ ಎಂದು ಹೇಳುವವನ ಸಂಬಳಕ್ಕೆ ಯಾವ ನಿಧಿಯೂ ಇಲ್ಲ. ಜಿಲ್ಲಾ ಪಂಚಾಯತಿನ ಮಟ್ಟದಲ್ಲಿ ಜಿಲ್ಲೆಯ ಎಲ್ಲ ಬಸ್ಸುಗಳಿಗೆ ಒಂದೇ ಘಟಕವಿದ್ದರೆ ಖರ್ಚು ಹಂಚಿಹೋಗುತ್ತದೆ, ಸಣ್ಣ ಮಾಲಿಕನೂ ಉಳಿಯುತ್ತಾನೆ.

ನಾಲ್ಕನೆಯದಾಗಿ, ಯಾವುದೇ ಕಂಪನಿಯೊಡನೆ ಒಪ್ಪಂದವಾಗುವಾಗ ಐದನೆಯ ವರ್ಷದ ಖರ್ಚು ಮೊದಲ ಪುಟದಲ್ಲಿ ಇರಲಿ. ಮಾಹಿತಿಯ ಒಡೆತನ ಸಾರ್ವಜನಿಕರದ್ದಾಗಿರಲಿ. ತಲಪಾಡಿಯ ಆಚೆಗಿನ ನಿಗಮದ ಮಾಹಿತಿಯೂ ಈಚೆಗಿನದ್ದೂ ಒಂದೇ ಕಡೆ ಕಾಣುವಂತಿರಲಿ.

ಇವುಗಳ ಜೊತೆಗೆ ಇನ್ನೊಂದು ಮಾತು. ಬಸ್ಸು ಎಲ್ಲಿದೆ ಎಂಬ ಮಾಹಿತಿ ಸಂಗ್ರಹವಾಗುತ್ತ ಹೋದಂತೆ ಯಾವ ಟ್ರಿಪ್ ಎಷ್ಟು ದಿನ ಓಡಲಿಲ್ಲ ಎಂಬ ದಾಖಲೆಯೂ ತಾನಾಗಿ ಸಿದ್ಧವಾಗುತ್ತದೆ. ಸಂಜೆಯ ಬಸ್ಸು ವಾರದಲ್ಲಿ ಎರಡು ದಿನ ಬರುವುದಿಲ್ಲ ಎಂದು ನಾವು ಹೇಳಿದರೆ ಅದು ದೂರು. ದಾಖಲೆ ಹೇಳಿದರೆ ಅದು ಸಾಕ್ಷ್ಯ. ಈ ಸಾಕ್ಷ್ಯವನ್ನು ಮಾಲಿಕನಿಗೆ ದಂಡ ವಿಧಿಸಲು ಮಾತ್ರ ಬಳಸಿದರೆ ಆತ ಪರವಾನಿಗೆಯನ್ನೇ ಹಿಂದಿರುಗಿಸಿಯಾನು. ಆ ಟ್ರಿಪ್ ಓಡಿಸಲು ಆಗುವ ನಷ್ಟವೆಷ್ಟು, ಅದನ್ನು ತುಂಬಿಕೊಡುವವರು ಯಾರು ಎಂಬ ಚರ್ಚೆಗೆ ಅದನ್ನು ಬಳಸಿದರೆ ಬಸ್ಸು ಉಳಿಯುತ್ತದೆ. ಒಳನಾಡಿನ ಕನ್ನಡ ಶಾಲೆಗಳಿಗೆ ಮಕ್ಕಳು ಬರುವುದು ಆ ಬಸ್ಸುಗಳಲ್ಲಿ. ಬಸ್ಸು ನಿಂತ ಮಾರ್ಗದಲ್ಲಿ ಮೊದಲು ದಾಖಲಾತಿ ಇಳಿಯುತ್ತದೆ, ಆಮೇಲೆ ತರಗತಿ ಹೋಗುತ್ತದೆ, ಕೊನೆಗೆ ಅಧ್ಯಾಪಕರ ಹುದ್ದೆಯೂ ಹೋಗುತ್ತದೆ.

ಆದ್ದರಿಂದ ಮುಂದಿನ ಬಾರಿ ರಕ್ಷಕ-ಶಿಕ್ಷಕ ಸಭೆಯಲ್ಲಿ ನಗರದಂತಹ ಆ್ಯಪ್ ಬೇಕೆಂಬ ಮಾತು ಬಂದಾಗ ನಾವು ಎರಡು ಪ್ರಶ್ನೆಗಳನ್ನು ಒಟ್ಟಿಗೆ ಕೇಳೋಣ: ಬಸ್ಸು ಎಲ್ಲಿದೆ? ಅದನ್ನು ಹೇಳುವ ಖರ್ಚು ಯಾರದು? ಎರಡನೆಯದಕ್ಕೆ ಉತ್ತರ ಸಿಗದೆ ಮೊದಲನೆಯದಕ್ಕೆ ಬಹುಕಾಲ ಉತ್ತರ ಸಿಗದು. ಅದು ಸಿಗುವವರೆಗೆ, ತಂಗುದಾಣದಲ್ಲಿ ಕೊಡೆ ಹಿಡಿದು ನಿಂತ ಮಕ್ಕಳ ಜೊತೆ ನಾವೂ ನಿಂತಿರುತ್ತೇವೆ.